ಒಲೆ ಆರಿದ ಮೇಲಿನ ಬಿಸಿ

ಅತ್ತೆಮ್ಮ,

ನೀವಿದ್ದಾಗ ನಿಮಗೆ ಒಂದು ಸಾಲೂ ಬರೆದವಳಲ್ಲ ನಾನು. ಒಂದೇ ಒಲೆಯ ಮುಂದೆ ಏಳು ವರ್ಷ ಕೂತವರಿಗೆ ಕಾಗದ ಯಾತಕ್ಕೆ? ನಿಮಗೆ ಓದೂ ಬರುತ್ತಿರಲಿಲ್ಲ. ಈಗ ನೀವಿರುವ ಕಡೆ ಓದಿ ಹೇಳುವವರು ಯಾರಾದರೂ ಇದ್ದಾರು ಎಂದುಕೊಂಡು ಬರೆಯುತ್ತಿದ್ದೇನೆ. ಓದುವವರು ಗಂಡಸರಾದರೆ ಬಾಣಂತಿಯ ವಿಷಯ ಬಂದ ಕಡೆ ಸ್ವಲ್ಪ ದನಿ ತಗ್ಗಿಸಲಿ.

ನೀವು ಕಣ್ಣು ಮುಚ್ಚಿದ ಹದಿನೈದನೆಯ ದಿನ ನನಗೆ ನೋವು ಬಂತು. ತಿಂಗಳು ತುಂಬಿರಲಿಲ್ಲ, ಎಂಟು ನಡೆಯುತ್ತಿತ್ತು. ಹೆಣ್ಣು ಮಗು. ನಿಮ್ಮ ಮಗನ ಮೊಣಕೈಯಿಂದ ಬೆರಳ ತುದಿಯವರೆಗೂ ಬರುವುದಿಲ್ಲ, ಅಷ್ಟು ಚಿಕ್ಕದು. ಅಳುವುದಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು ಮಾಡಿ ಸುಮ್ಮನಾಗುತ್ತದೆ. ಹಾಲು ಹೀರುವ ಬಲವಿಲ್ಲ, ಹಿಂಡಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುತ್ತೇನೆ. ಅದೆಲ್ಲ ಹೇಗಾದರೂ ಆದೀತು. ಆದರೆ ಆ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ ಅತ್ತೆಮ್ಮ. ಹೊದಿಸಿದರೂ ಇಳಿಯುತ್ತದೆ, ಎದೆಗೊತ್ತಿಕೊಂಡರೂ ಇಳಿಯುತ್ತದೆ. ಮೊದಲು ಪಾದ ತಣ್ಣಗಾಗುತ್ತದೆ, ಆಮೇಲೆ ಮೂಗಿನ ತುದಿ, ಆಮೇಲೆ ತುಟಿಯ ಬಣ್ಣ... ಹೊರಗೆ ಮಾಗಿಯ ಚಳಿ. ಇವತ್ತಿಗೆ ಹನ್ನೆರಡನೆಯ ದಿನ. ಇಂಥ ಮಗುವನ್ನು ಬೆಚ್ಚಗಿಡುವುದು ಗೊತ್ತಿದ್ದವರು ಈ ಮನೆಯಲ್ಲಿ ಒಬ್ಬರೇ ಇದ್ದರು. ಅವರನ್ನೇ ಕೇಳಬೇಕಾಗಿದೆ.

ಮದುವೆಯಾಗಿ ಬರಗೂರಿನಿಂದ ಮಧುಗಿರಿಗೆ ಬಂದ ಮೊದಲ ಬೆಳಿಗ್ಗೆ ನಿಮಗೆ ನೆನಪಿದೆಯೇ? ಅಡುಗೆಮನೆಗೆ ಕಾಲಿಟ್ಟಾಗ ಒಲೆಯ ಹಿಂದೆ ಗೋಡೆಗೆ ಒರಗಿ ಮೂರು ಕರಿಯ ಕಲ್ಲುಗಳು ಸಾಲಾಗಿ ಕೂತಿದ್ದವು. ಒಂದೊಂದೂ ರೊಟ್ಟಿಯಷ್ಟು ಅಗಲ, ನಾಲ್ಕು ಬೆರಳು ದಪ್ಪ, ಅಂಚು ಸವೆದು ನುಣ್ಣಗಾಗಿದ್ದವು. ಇವು ಈ ಮನೆಯ ದೇವರಿರಬೇಕು ಎಂದು ನಾನು ತಲೆಗೆ ನೀರು ಹಾಕಿಕೊಂಡು ಬಂದು ಮೂರಕ್ಕೂ ಅರಿಶಿನ ಕುಂಕುಮ ಹಚ್ಚಿ ಕೈಮುಗಿದೆ. ನೀವು ಹಿಂದಿನಿಂದ ಬಂದು ನೋಡಿ ಸೊಂಟ ಹಿಡಿದುಕೊಂಡು ನಕ್ಕಿರಿ. "ಅವು ದೇವ್ರಲ್ಲ ಕಣಮ್ಮ, ಆಳುಗಳು. ಪೂಜೆ ಮಾಡಿ ಕೆಡಿಸ್ಬ್ಯಾಡ, ಆಮ್ಯಾಕೆ ಕೆಲ್ಸ ಮಾಡಾಕಿಲ್ಲ" ಅಂದಿರಿ. ಒಡೆದುಹೋದ ಹಳೆಯ ಬೀಸುಕಲ್ಲುಗಳನ್ನು ಕಲ್ಲುಕುಟಿಗನಿಂದ ಸಣ್ಣಗೆ ಕೆತ್ತಿಸಿ ಇಟ್ಟುಕೊಂಡದ್ದು ಎಂದು ಆಮೇಲೆ ತಿಳಿಯಿತು. ಆ ನಗು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಬಂದ ದಿನವೇ ನಗೆಪಾಟಲಾದೆ ಎಂದು ಒಳಗೊಳಗೇ ಸಿಟ್ಟು.

ಆ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ ನೀವು ಮುದ್ದೆ ತಿರುವಿದ ಮರುಗಳಿಗೆಯೇ ಒಲೆಯಿಂದ ಸೌದೆ ಎಳೆದುಬಿಟ್ಟಿರಿ. ಸಾರು ಇನ್ನೂ ಕುದಿಯಬೇಕಿತ್ತು. ನಾನು ಬಾಯಿ ಬಿಡುವ ಮೊದಲೇ ಸಾರಿನ ಮಡಕೆಯನ್ನು ಪಕ್ಕದ ಕೋಡೊಲೆಗೆ ಸರಿಸಿ, ಅಡುಗೆಯ ಉದ್ದಕ್ಕೂ ಒಲೆಯ ಬೆನ್ನಿಗೆ ಒರಗಿ ಕಾದಿದ್ದ ಕಲ್ಲುಗಳನ್ನು ಬಿಸಿ ಬೂದಿಯೊಳಗೆ ಹೂತು, ಮೇಲೆ ಕೆಂಡ, ಕೆಂಡದ ಮೇಲೆ ಮತ್ತೆ ಬೂದಿ ಮುಚ್ಚಿದಿರಿ. ನಾವು ಉಂಡು, ಪಾತ್ರೆ ತಿಕ್ಕಿ, ಬಾಗಿಲು ಹಾಕುವಷ್ಟು ಹೊತ್ತಿಗೆ ಕಲ್ಲಿನ ಹೊಟ್ಟೆಯವರೆಗೂ ಕಾವು ಇಳಿದಿರುತ್ತಿತ್ತು. ಕಂಬಳಿಯ ತುಂಡಿನಲ್ಲಿ ಸುತ್ತಿ ಒಬ್ಬೊಬ್ಬರ ಕಾಲ ಬಳಿ ಒಂದೊಂದು ಇಡುತ್ತಿದ್ದಿರಿ. ಬೆಳಗಾದ ಮೇಲೂ ಅದರಲ್ಲಿ ಉಗುರುಬೆಚ್ಚಗೆ ಉಳಿದಿರುತ್ತಿತ್ತು. ಅದನ್ನೂ ಬಿಡುತ್ತಿರಲಿಲ್ಲ ನೀವು. ಮುಖ ತೊಳೆಯುವ ನೀರಿನ ಚೆಂಬನ್ನು ಅದರ ಮೇಲೆ ಕೂರಿಸುತ್ತಿದ್ದಿರಿ. ಚಳಿ ಕಾಯಿಸಲೆಂದೇ ಒಂದು ಕಡ್ಡಿ ಸುಟ್ಟದ್ದನ್ನು ನಾನು ಕಂಡಿಲ್ಲ. ಕಲ್ಲು ಉರಿಯ ಮುಖ ನೋಡಬಾರದು ಎನ್ನುತ್ತಿದ್ದಿರಿ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ...

ನಿಮ್ಮ ಮಗ ಕಚೇರಿಯ ಕೆಲಸದ ಮೇಲೆ ತುಮಕೂರಿಗೆ ಹೋಗಿ, ಯಾರೋ ಸಾಹೇಬರ ಬಂಗಲೆಯಲ್ಲಿ ಕರೆಂಟಿನ ಒಲೆ ನೋಡಿ ಬಂದ ದಿನ ನೆನಪಾಗುತ್ತದೆ. ಹೆಗಲಿನ ಜವಾನನ ಪಟ್ಟಿ, ಆ ಡವಾಲಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತು ವರ್ಣಿಸಿದ್ದೇ ವರ್ಣಿಸಿದ್ದು. ಸೌದೆ ಬೇಡವಂತೆ, ಹೊಗೆ ಇಲ್ಲವಂತೆ, ಗೋಡೆಯಲ್ಲಿ ಗುಂಡಿ ಒತ್ತಿದರೆ ತಂತಿ ಕೆಂಪಗಾಗಿ ಕೋಣೆಯೆಲ್ಲ ಬೆಚ್ಚಗಾಗುತ್ತದಂತೆ. ನನಗೆ ಬಾಯಲ್ಲಿ ನೀರೂರಿತು. ನೀವು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಲೇ ಕೇಳಿದ್ದು ಒಂದೇ ಮಾತು. ಗುಂಡಿ ಆರಿಸಿದ ಮೇಲೆ ಎಷ್ಟು ಹೊತ್ತು ಬಿಸಿ ಇರುತ್ತದೆ? ಆರಿಸಿದ ಕೂಡಲೇ ತಣ್ಣಗಾಗುತ್ತದೆ ಎಂದು ಇವರು ಹೇಳಿದರು. "ಅದೆಂಥ ಒಲೆನೋ ಬುಡು. ಉರಿಯೋವಾಗ ಎಲ್ಲಾ ಒಲೆನೂ ಬಿಸಿನೇ. ಆರಿದ ಮ್ಯಾಕೆ ಏನ್ ಮಾಡ್ತದೆ ಅನ್ನೋದು ಕೇಳ್ಕಂಡು ಬಾ" ಅಂದಿರಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. 

ಯುದ್ಧ ಶುರುವಾದ ಮೇಲಿನ ಮೂರನೆಯ ಚಳಿಗಾಲದ ಹೊತ್ತಿಗೆ ಪೆಟ್ರೋಲು ಸಿಗದೆ ತುಮಕೂರಿನ ಬಸ್ಸು ಇದ್ದಿಲ ಹೊಗೆಯಿಂದ ಓಡತೊಡಗಿತ್ತು. ಬೆನ್ನಿಗೆ ಒಂದು ಕೊಳವೆ ಹೊತ್ತು ಕೆಮ್ಮುತ್ತಾ ಬರುತ್ತಿತ್ತಲ್ಲ, ಅದನ್ನು ನೋಡಿ ನೀವು ನಮ್ಮ ಊರಿನ ಮರಗಳನ್ನೆಲ್ಲ ಈ ದೆವ್ವ ತಿಂದುಹಾಕುತ್ತದೆ ಎಂದಿದ್ದಿರಿ. ಹಾಗೇ ಆಯಿತು. ಸುತ್ತಿನ ಜಾಲಿ, ಹೊಂಗೆ ಎಲ್ಲ ಇದ್ದಿಲಾಗಿ ಹೋಯಿತು, ಸೌದೆಯ ಗಾಡಿ ಬೀದಿಗೆ ಬರುವುದೇ ನಿಂತಿತು. ತೊಗರಿ ಕಡ್ಡಿ, ಹರಳು ಕಡ್ಡಿ, ಬೆರಣಿ, ಅಷ್ಟೇ ನಮಗೆ ಉಳಿದದ್ದು. ಅಕ್ಕಪಕ್ಕದವರು ಚಳಿಗೆ ಹಲ್ಲು ಕಡಿಯುತ್ತಿದ್ದರೂ ನಮ್ಮ ಮನೆಯಲ್ಲಿ ಅದೇ ಮೂರು ಕಲ್ಲು, ಅದೇ ಬೂದಿ. ಆಗಲಾದರೂ ನಿಮ್ಮ ಜಾಣತನ ನನಗೆ ಕಾಣಬೇಕಿತ್ತು. ಕಾಣಲಿಲ್ಲ. ಮುದುಕಿಗೆ ಸೌದೆಯ ಜಿಪುಣತನ ಎಂದೇ, ಈಗ ಈ ಕಾಗದ ಬರೆಯುತ್ತಿರುವ ನನ್ನ ದಿನಚರಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಾನು ಬರೆಯುವುದನ್ನು ನೋಡಿ ನೀವು ಹಂಗಿಸುತ್ತಿದ್ದಿರಿ, ಇಷ್ಟೂ ಕಾಗದ ಒಲೆಗೆ ಹಾಕಿದರೆ ಒಂದು ಲೋಟ ನೀರೂ ಕಾಯುವುದಿಲ್ಲ ಎಂದು. ಅದೂ ನಿಜವೇ.

ಮೂರು ವರ್ಷದ ಹಿಂದೆ ನನ್ನ ಮೊದಲ ಗಂಡುಮಗು ಎರಡು ದಿನ ಇದ್ದು ಹೋದದ್ದನ್ನು ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಮಾತಾಡಲಿಲ್ಲ. ಅವತ್ತು ನಾನು ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡಿ ಎಂದು ಅಳುತ್ತಾ ಕೇಳಿದೆ. ಮುಚ್ಚಿದ ಕೋಣೆಯಲ್ಲಿ ಹೊಗೆ ಕಟ್ಟಿದರೆ ಬಾಣಂತಿಗೂ ಮಗುವಿಗೂ ಆಗುವುದಿಲ್ಲ ಎಂದು ನೀವು ಒಪ್ಪಲಿಲ್ಲ. ಕಲ್ಲು ಇಟ್ಟಿರಿ, ಬದಲಾಯಿಸಿದಿರಿ, ಮತ್ತೆ ಇಟ್ಟಿರಿ. ಮಗು ಹೋಯಿತು. ನಾಲ್ಕು ಕಟ್ಟಿಗೆ ಉಳಿಸಲು ಹೋಗಿ ನನ್ನ ಕೂಸನ್ನು ಚಳಿಗೆ ಕೊಟ್ಟರು ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಅಂದಿನಿಂದ ನಿಮ್ಮ ಕಲ್ಲನ್ನು ನಾನು ಹಾಸಿಗೆಗೆ ತೆಗೆದುಕೊಳ್ಳಲಿಲ್ಲ. ನೀವು ದಿನವೂ ನನ್ನ ಕಾಲ ಬಳಿ ಇಡುತ್ತಿದ್ದಿರಿ, ನಾನು ದಿನವೂ ಕಾಲಿನಿಂದ ಆಚೆ ತಳ್ಳುತ್ತಿದ್ದೆ. ಅದು ನಿಮಗೆ ಗೊತ್ತಿತ್ತು, ಅಲ್ಲವೇ?

ನಿಮ್ಮ ಹನ್ನೊಂದನೆಯ ದಿನದ ಬೆಳಿಗ್ಗೆ ಸೂತಕ ಕಳೆಯಲು ಮನೆಯನ್ನೆಲ್ಲ ತೊಳೆದೆವು. ಮಡಕೆ ಒಡೆದು ಹೊಸದು ತಂದರು, ಹಾಸಿಗೆ ಬಟ್ಟೆ ಅಗಸರಿಗೆ ಹೋಯಿತು, ಒಲೆಯ ಬೂದಿ ತೆಗೆದು ಸಾರಿಸಬೇಕು ಎಂದು ಹಿರಿಯರು ಹೇಳಿದರು. ಒಂದು ಮೊರ ತೆಗೆದು ಒಲೆಯ ಬಾಯಿ ಸಾರಿಸಿದ್ದರೆ ಸಾಕಿತ್ತು. ನಾನು ಎಂಟು ತಿಂಗಳ ಬಸುರಿ, ಯಾರೂ ಕೆಲಸ ಹೇಳಿರಲಿಲ್ಲ. ಆದರೂ ಸೀರೆ ಎತ್ತಿಕಟ್ಟಿ ಕೂತು, ನೀವು ವರ್ಷಗಟ್ಟಲೆ ಕೂಡಿಸಿದ್ದ ಬೂದಿಯನ್ನು ತಳದ ಮಣ್ಣು ಕಾಣುವವರೆಗೆ ಬಾಚಿ ತಿಪ್ಪೆಗೆ ಹಾಕಿಸಿದೆ. ಏಳು ಮೊರ. ಅಡಿಯ ಬೂದಿ ಇನ್ನೂ ಬೆಚ್ಚಗಿತ್ತು ಅತ್ತೆಮ್ಮ. ನೀವು ಹೋಗಿ ಹನ್ನೊಂದು ದಿನವಾಗಿದ್ದರೂ, ನೆಂಟರಿಗೆ ನೀರು ಕಾಯಿಸಿದ ಬಿಸಿಯನ್ನೇ ಹಿಡಿದುಕೊಂಡು ಬೆಚ್ಚಗಿತ್ತು. ಆಮೇಲೆ ಕಲ್ಲುಗಳು. ಮೈಲಿಗೆ ಹೋಗಲಿ ಎಂದು ಒಂದು ಚೆಂಬು ನೀರು ಹುಯ್ದರೆ ಮುಗಿಯುತ್ತಿತ್ತು. ನಾನು ಮೂರನ್ನೂ ಎತ್ತಿಸಿ ಹಿತ್ತಲಿನ ಕಲ್ಲುಬಾನಿಯ ನೀರಿಗೆ ಹಾಕಿಸಿದೆ. ಅಲ್ಲೇ ಇರಲಿ ಎಂದೆ. ನಾಲ್ಕು ದಿನ ಅಲ್ಲೇ ಇದ್ದವು, ದನ ಅವುಗಳ ಮೇಲಿನ ನೀರು ಕುಡಿದವು. ನೋಡಿದಾಗಲೆಲ್ಲ ನನಗೆ ಏನೋ ಒಂದು ತೃಪ್ತಿ. ಸಾಯುವವರೆಗೂ ಯಾರಿಗೂ ಹೇಳಬಾರದೆಂದುಕೊಂಡಿದ್ದ ಮಾತು ಇದು. ನಿಮಗೆ ಹೇಳಿದರೆ ಹೇಳಿದ ಹಾಗೆ ಆಗುವುದಿಲ್ಲ ಎಂದು ಧೈರ್ಯ.

ಹೆರಿಗೆಯ ದಿನ ಸೂಲಗಿತ್ತಿ ಓಬಳಮ್ಮ ಮಗುವನ್ನು ಕೈಗೆತ್ತಿಕೊಂಡು ಅಂಗೈಯಲ್ಲೇ ತೂಗಿ ನೋಡಿದಳು. ಪಾವಗಡದ ಕಡೆಯವಳಲ್ಲವೇ, ಅವಳಿಗೆ ಎಲ್ಲ ಮಕ್ಕಳೂ ಬಿಡ್ಡಗಳೇ. ಎಂಟು ತಿಂಗಳ ಬಿಡ್ಡ ನಿಲ್ಲುವುದಿಲ್ಲ, ಏಳರದು ನಿಲ್ಲುತ್ತದೆ ಎನ್ನುತ್ತಾರೆ, ನೀನು ಏಳು ತಿಂಗಳದ್ದೆಂದೇ ಹೇಳು ಎಂದಳು. ಆಮೇಲೆ ಸುತ್ತಲೂ ನೋಡಿ, "ನಿಮ್ಮತ್ತೆ ಕಲ್ಲು ಎಲ್ಲವ್ವೆ? ಬ್ಯಾಗ ಕಾಯಿಸ್ಕಂಡು ಬಾರಪ್ಪ" ಎಂದು ಬಾಗಿಲ ಆಚೆ ನಿಂತಿದ್ದ ಇವರಿಗೆ ಕೂಗಿ ಹೇಳಿದಳು. ಇವರು ಬಾನಿಯಿಂದ ಒಂದು ಕಲ್ಲು ತೆಗೆದು ಒರೆಸಿಕೊಂಡು ಬಂದರು. ಒಲೆಯಲ್ಲಿ ಬೂದಿ ಎಲ್ಲಿತ್ತು? ಸಾರಿಸಿ ರಂಗೋಲಿ ಹಾಕಿದ ಬರಿಯ ಒಲೆ. ನಾನೇ ಒಳಗಿನಿಂದ ಹೇಳಿದೆ, ಉರಿಯಲ್ಲೇ ಇಡಿ, ಬೇಗ ಕಾಯಲಿ ಎಂದು. ತೊಗರಿ ಕಡ್ಡಿ ಧಗಧಗ ಉರಿಯಿತು. ಸ್ವಲ್ಪ ಹೊತ್ತಿಗೆ ಕೋವಿ ಹೊಡೆದ ಹಾಗೆ ಸದ್ದು. ಕಲ್ಲು ಸಿಡಿದು ಚೂರಾಗಿ ಹೊಸ ಮಡಕೆ ಒಡೆಯಿತು, ಒಂದು ಚೂರು ಬಾಗಿಲಿನೊಳಕ್ಕೆ ಹಾರಿ ಬಂದು ನನ್ನ ಚಾಪೆಯ ಅಂಚು ಸುಟ್ಟಿತು. ಓಬಳಮ್ಮ ಮಗುವಿನ ಮೇಲೆ ಕವುಚಿಕೊಂಡಿದ್ದಳು. ಎದ್ದು ಆ ಚೂರನ್ನು ಕಡ್ಡಿಯಿಂದ ತಿರುವಿ ನೋಡಿದಳು. "ಇದು ನೀರು ಕುಡಿದೈತೆ. ಕಲ್ಲನ್ನ ನೆನೆಯಾಕಿದ ಪುಣ್ಯಾತ್ಮರು ಯಾರು?" ಎಂದು ಕೇಳಿದಳು. ಇವರು ನನ್ನ ಮುಖ ನೋಡಿದರು. ನಾನು ಗೋಡೆಯ ಕಡೆ ತಿರುಗಿದೆ.

ಅಂದಿನಿಂದ ಮೂರು ದಿನ ಮಗು ನನ್ನ ಎದೆಯ ಮೇಲೇ ಇತ್ತು. ನಾನೊಂದು ಕಲ್ಲಾದೆ ಎಂದುಕೊಂಡೆ. ಆದರೆ ಮೂರನೆಯ ದಿನ ನನಗೇ ಚಳಿಜ್ವರ ಬಂತು. ಮೈ ನಡುಗಿದ ರಭಸಕ್ಕೆ ಮಗು ಜಾರಿ ಬೀಳುವ ಹಾಗಾಯಿತು. ಓಬಳಮ್ಮ ಅದನ್ನು ತನ್ನ ಸೆರಗಿನೊಳಗೆ ಹಾಕಿಕೊಂಡು ಕೂತಳು. ಅವಳಿಗೂ ಬೇರೆ ಮನೆಗಳಿಂದ ಕರೆ ಬರುತ್ತಲೇ ಇತ್ತು. ಉಳಿದ ಎರಡು ಕಲ್ಲುಗಳನ್ನು ಒಣಗಿಸದೆ ಬೆಂಕಿಯ ಹತ್ತಿರ ತರುವಂತಿರಲಿಲ್ಲ, ಬೂದಿಯಿಲ್ಲದೆ ತಂದರೂ ಉಪಯೋಗವಿರಲಿಲ್ಲ. ನಿಮ್ಮ ಮಗ, ಅಮಲ್ದಾರರ ಕಚೇರಿಯ ಜವಾನ, ಕೈಯಲ್ಲಿ ಮೊರ ಹಿಡಿದು ಬೂದಿ ಬೇಡಲು ಹೊರಟರು. ಪುರುಡಿನ ಮನೆಗೆ ಒಲೆಯ ಬೂದಿ ಕೊಟ್ಟರೆ ತಮ್ಮ ಮನೆಯ ಕಾವು ಹೋಗುತ್ತದೆ ಎಂದು ಯಾರೂ ಕೊಡಲಿಲ್ಲ. ಸಮನ್ಸು ತರುವವನು ಈಗ ಬೂದಿಯನ್ನೂ ಜಪ್ತಿ ಮಾಡುತ್ತಾನೇನೋ ಎಂದು ಒಬ್ಬರು ಹಂಗಿಸಿದರಂತೆ. ಕೊನೆಗೆ ಕುಂಬಾರರ ಬೀದಿಗೆ ಹೋದರು. ಮಡಕೆ ಸುಡುವ ಆವಿಗೆಯ ಬೂದಿ ಎಷ್ಟು ಬೇಕಾದರೂ ಇತ್ತು. ಪಾತ್ರೆ ತಿಕ್ಕುವುದಕ್ಕೆ ಇಷ್ಟೊಂದು ಯಾತಕ್ಕೆ ಎಂದು ಕುಂಬಾರ ನಕ್ಕನಂತೆ. ಮಗುವಿಗೆ ಎಂದು ಇವರು ಹೇಳಿದಾಗ ನಗು ನಿಲ್ಲಿಸಿ, ತಾನೇ ಎರಡು ಕುಕ್ಕೆ ತುಂಬಿ ಹೊತ್ತು ತಂದು ಹಿತ್ತಲ ಬಾಗಿಲಲ್ಲಿ ಇಳಿಸಿ ಹೋದ.

ನೀವು ಕಲ್ಲುಗಳನ್ನು ಮೂಟೆ ಕಟ್ಟಿಕೊಂಡು ಮನೆಯ ಹಿಂದಿನ ಬಂಡೆಗೆ ಹೋಗುತ್ತಿದ್ದ ಮಧ್ಯಾಹ್ನಗಳು ನನಗೆ ನೆನಪಾದದ್ದು ಆಗ. ನಿಮ್ಮ ತವರಿನವರು ಕುರಿ ಕಾಯುವವರು, ನಿಮಗೆ ಎಲ್ಲವೂ ಕುರಿಯ ಭಾಷೆಯಲ್ಲೇ ಬರುತ್ತಿತ್ತು. "ಒಸಿ ಬಿಸ್ಲು ಮೇಯಿಸ್ಕಂಡು ಬತ್ತೀನಿ ಕಣಮ್ಮ" ಎಂದು ಹೇಳಿ ಹೋಗುತ್ತಿದ್ದಿರಿ. ಬೆಟ್ಟದ ಬುಡದ ಆ ಬೋಳು ಬಂಡೆ ಮಾಗಿಯಲ್ಲೂ ಮಧ್ಯಾಹ್ನಕ್ಕೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಅದರ ಮೇಲೆ ಕಲ್ಲು ಹರಡಿ, ಹೊತ್ತು ಇಳಿಯುವ ಮೊದಲು ತಂದು ಒಲೆಯ ಬೆನ್ನಿಗೆ ಇಡುತ್ತಿದ್ದಿರಿ. ಅರ್ಧ ಕೆಲಸ ಸೂರ್ಯನಿಂದ ಮಾಡಿಸಿಕೊಂಡರೆ ಒಲೆಗೆ ಅರ್ಧವೇ ಉಳಿಯುತ್ತದೆ ಎನ್ನುವುದು, ಕಲ್ಲಿನ ಪಸೆಯೂ ಆರುತ್ತದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡು ನಕ್ಕಿದ್ದೆ. ಈಗ ಇವರು ಕಚೇರಿಗೆ ಹೋಗುವ ಮೊದಲು ಎರಡು ಕಲ್ಲನ್ನು ಬಂಡೆಗೆ ಇಟ್ಟು, ಸಂಜೆ ಬಂದು ತರುತ್ತಾರೆ. ನಾಲ್ಕು ದಿನ ಬರಿಯ ಬಿಸಿಲಿಗೆ ಇಟ್ಟೆವು. ಐದನೆಯ ದಿನ ಬೂದಿಯಲ್ಲಿ ಹೂತೆವು. ಸಿಡಿಯಲಿಲ್ಲ. ಸದ್ದಿಗಾಗಿ ಕಾಯುತ್ತಾ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಮೊನ್ನೆ ಎಣ್ಣೆ ಹಚ್ಚುತ್ತಾ ಓಬಳಮ್ಮ ನನ್ನನ್ನು ಕೇಳಿದಳು, ಅತ್ತೆಯ ಮೇಲೆ ಅಷ್ಟೊಂದು ಕೋಪ ಯಾತಕ್ಕಿತ್ತು ಎಂದು. ಕಲ್ಲು ನೆನೆಹಾಕಿದ್ದು ಯಾರೆಂದು ಅವಳಿಗೆ ಅವತ್ತೇ ತಿಳಿದಿತ್ತು. ನಾನು ಮೊದಲ ಮಗುವಿನ ಮಾತು ಎತ್ತಿದೆ. ಅವಳು ಕೈ ನಿಲ್ಲಿಸಿದಳು. "ಆ ಕೂಸು ಚಳಿಗೆ ಹೋಗಿದ್ದಲ್ಲ ಕಣಮ್ಮ. ಹುಟ್ಟುವಾಗ್ಲೇ ಅದಕ್ಕೆ ಉಸ್ರು ನೆಟ್ಟಗಿರ್ಲಿಲ್ಲ. ನಾನು ನಿಂಗೆ ಹೇಳಾಕೆ ಬಂದೆ, ನಿಮ್ಮತ್ತೆ ಬುಡ್ಲಿಲ್ಲ. ಹೊಟ್ಟೆನಾಗೇ ಕೆಟ್ಟಿತ್ತು ಅಂದ್ರೆ ತನ್ನನ್ನೇ ಬೈಕಂತಾಳೆ, ಚಳಿ ಅಂತ್ಲೇ ಅಂದ್ಕಳ್ಲಿ, ಬೈಸ್ಕಳಾಕೆ ನಾನಿದ್ದೀನಲ್ಲ ಅಂದ್ರು." ಇದು ನಿಜವೋ, ಬಾಣಂತಿಯನ್ನು ಸಮಾಧಾನ ಮಾಡಲು ಕಟ್ಟಿದ ಮಾತೋ... ಯಾರನ್ನು ಕೇಳಲಿ? ನಿಜವಾದರೆ ಮೂರು ವರ್ಷ ನನ್ನ ಪಾದದ ಬಳಿ ಕಲ್ಲು ಇಡುತ್ತಾ ಇದ್ದವರು ಯಾರು? ಅದನ್ನು ಒದ್ದವಳು ಯಾರು?

ಇವತ್ತು ಬೆಳಿಗ್ಗೆಯೂ ಪಾದ ತಣ್ಣಗಿತ್ತು. ಉಜ್ಜಿ ಉಜ್ಜಿ ಬಿಸಿ ಬರಿಸಬೇಕಾಯಿತು. ಎಲ್ಲಿ ತಪ್ಪುತ್ತಿದ್ದೇನೋ ತಿಳಿಯುತ್ತಿಲ್ಲ. ಕಂಬಳಿ ಒಂದು ಸುತ್ತು ಸುತ್ತಿದರೆ ಎಳೆಯ ಚರ್ಮ ಸುಟ್ಟೀತೆಂಬ ಭಯ, ಮೂರು ಸುತ್ತಿದರೆ ಕಾವು ಹೊರಗೇ ಬರುವುದಿಲ್ಲ. ನೀವು ಎಷ್ಟು ಸುತ್ತುತ್ತಿದ್ದಿರಿ? ಮಗುವಿಗೂ ಕಲ್ಲಿಗೂ ನಡುವೆ ಒಂದು ಗೇಣು ಬಿಡುತ್ತಿದ್ದಿರೋ, ಅರ್ಧ ಗೇಣೋ? ಬೂದಿಯಿಂದ ತೆಗೆದ ಕಲ್ಲನ್ನು ನಿಮ್ಮ ಮುಂಗೈಗೆ ಮುಟ್ಟಿಸಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಿರಿ, ಆ ಕ್ಷಣದಲ್ಲಿ ಏನು ಲೆಕ್ಕ ಹಾಕುತ್ತಿದ್ದಿರಿ? ಏಳು ವರ್ಷ ಪಕ್ಕದಲ್ಲೇ ಕೂತಿದ್ದೆ. ನೋಡಿದ್ದೇನೆ, ಆದರೆ ಕಲಿಯಲಿಲ್ಲ. ಕಾಗದಕ್ಕೆ ಉತ್ತರ ಬರುವುದಿಲ್ಲ ಎಂದು ಗೊತ್ತು. ಆದರೂ ಯಾವುದಾದರೂ ಒಂದು ದಾರಿಯಲ್ಲಿ, ಕನಸಿನಲ್ಲಾದರೂ ಬಂದು, ಲೇ ದಡ್ಡಿ ಇಂಗಲ್ಲ ಅಂಗೆ ಅಂತ ಬೈದು ಹೋಗಿ ಅತ್ತೆಮ್ಮ. ನಾನು ಎದುರು ಆಡುವುದಿಲ್ಲ. ಮಗು ಮಿಸುಕಾಡುತ್ತಿದೆ, ಬರೆಯುವುದನ್ನು ಇಲ್ಲಿಗೆ...

ಏಳು ದಿನದ ಮೇಲೆ ಮತ್ತೆ ಪುಸ್ತಕ ತೆಗೆದಿದ್ದೇನೆ. ಹತ್ತೊಂಬತ್ತನೆಯ ದಿನ. ನೀವು ಕನಸಿನಲ್ಲಿ ಬರಲಿಲ್ಲ. ಎರಡು ಸುತ್ತು ಸಾಕು ಎಂದು ನಾನೇ ಕಂಡುಕೊಂಡೆ, ಒಂದು ಕಲ್ಲು ಮಗುವಿನ ಕಾಲ ಕಡೆ ಇದ್ದರೆ ಇನ್ನೊಂದು ಬೂದಿಯಲ್ಲಿ, ಒಂದರ ಕಾವು ಇಳಿಯುವ ಹೊತ್ತಿಗೆ ಇನ್ನೊಂದು. ಮೂರನೆಯದು ಇದ್ದಿದ್ದರೆ ನನಗೆ ನಿದ್ದೆ ಸಿಗುತ್ತಿತ್ತು. ಅದನ್ನು ಕಳೆದವಳು ನಾನೇ, ನಿದ್ದೆಗೆಟ್ಟದ್ದೂ ನ್ಯಾಯವೇ. ನಿನ್ನೆ ಇವರು ನೋಟೀಸು ಕೊಡಲು ಕೊರಟಗೆರೆಗೆ ಹೋದವರು ಬರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟಿತೋ ಏನೋ. ಓಬಳಮ್ಮ ಇನ್ನೊಂದು ಹೆರಿಗೆಗೆ ಹೋಗಿದ್ದಳು. ದೀಪ ಹಚ್ಚಿದ ಮೇಲೆ ಮಗುವಿನ ಬಳಿ ಕಲ್ಲು ಇಟ್ಟು, ಇನ್ನೊಂದನ್ನು ಹೂತು, ಗೋಡೆಗೆ ಒರಗಿ ಸ್ವಲ್ಪ ಬೆನ್ನು ಚಾಚಿದೆ. ಒಂದೇ ಒಂದು ಗಳಿಗೆ ಎಂದುಕೊಂಡು.

ಕಣ್ಣು ಬಿಟ್ಟಾಗ ಗವಾಕ್ಷಿಯಿಂದ ಬಿಸಿಲು ಇಳಿದು ಎದುರಿನ ಗೋಡೆಯ ಮೇಲೆ ಬಿದ್ದಿತ್ತು. ಬೆಳಕು ಹರಿದು ಎಷ್ಟೋ ಹೊತ್ತಾಗಿತ್ತು. ಒಂದು ಸಲವೂ ಕಲ್ಲು ಬದಲಾಯಿಸಿರಲಿಲ್ಲ ನಾನು.  ತೆವಳಿಕೊಂಡು ಹೋದೆ. ಮೊರದಲ್ಲಿ ಮಗು ಅಲುಗಾಡದೆ ಮಲಗಿತ್ತು. ಮುಖ ನೋಡುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಕಂಬಳಿಯ ಒಳಗೆ ಕೈ ಹಾಕಿದೆ. ಕೈಗೆ ಮೊದಲು ಸಿಕ್ಕಿದ್ದು ಕಲ್ಲು. ಹಿತ್ತಲಿನ ಬಾವಿಕಟ್ಟೆಯ ಕಲ್ಲಿನ ಹಾಗೆ ಕೊರೆಯುತ್ತಿತ್ತು. ಮುಗಿಯಿತು ಎಂದುಕೊಂಡೆ. ನಿಮ್ಮ ಎರಡನೆಯ ಮೊಮ್ಮಗುವನ್ನೂ ಕಳೆದೆ, ಈ ಸಲ ಬೈಯಲು ನೀವೂ ಇಲ್ಲ ಎಂದುಕೊಂಡೆ. ಕಲ್ಲನ್ನು ದಾಟಿ ಬೆರಳು ಮುಂದೆ ಹೋಯಿತು.

ಪಾದ ಬೆಚ್ಚಗಿತ್ತು.

ನಂಬಲಿಲ್ಲ. ಇನ್ನೊಂದು ಪಾದ ಹಿಡಿದೆ. ಹೊಟ್ಟೆ ಮುಟ್ಟಿದೆ. ಒಲೆ ಇಲ್ಲ, ಬೂದಿ ಇಲ್ಲ, ಕಲ್ಲು ಎಷ್ಟೋ ಹೊತ್ತಿನ ಹಿಂದೆಯೇ ಆರಿಹೋಗಿತ್ತು. ಆ ಬಿಸಿಯೆಲ್ಲ ಅವಳದೇ. ನನ್ನ ಕೈ ಹೊಟ್ಟೆಗೆ ತಗುಲಿದ ಕೂಡಲೇ ಅವಳು ಬೆಚ್ಚಿಬಿದ್ದು, ಮುಖವೆಲ್ಲ ಕೆಂಪಗೆ ಮಾಡಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಬಾಯಿಬಿಟ್ಟು ಜೋರಾಗಿ ಅತ್ತಳು. ಏನಾಯಿತೆಂದು ಪಕ್ಕದ ಮನೆಯವಳು ಗೋಡೆಯ ಆಚೆಯಿಂದ ಕೂಗಿ ಕೇಳಿದಳು.  ನನ್ನ ಕೈ ತಣ್ಣಗಿತ್ತು ಅತ್ತೆಮ್ಮ, ಅದಕ್ಕೇ ಅವಳಿಗೆ ಸಿಟ್ಟು ಬಂದದ್ದು. ನಾಳೆಯಿಂದ ಕೈ ಕಾಯಿಸಿಕೊಂಡೇ ಮುಟ್ಟುತ್ತೇನೆ.